ಸ್ಟೇರಿಂಗ್ ಬಿಚ್ಚಿದ ಭಾನುವಾರ

ನಮ್ಮ ಯಜಮಾನರ ಎಡಗೈ ಬಿದ್ದುಹೋಗಿ ಐದು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಸ್ಟ್ರೋಕ್ ಅಂದರು. ಕಾಲು ಹೇಗೋ ವಾಪಸು ಬಂತು, ಕೋಲು ಹಿಡಿದು ಗೇಟಿನವರೆಗೆ ನಡೆಯುತ್ತಿದ್ದರು. ಮಾತು ಬಂತು. ಕೋಪವಂತೂ ಮೊದಲಿಗಿಂತ ಜೋರಾಗಿಯೇ ಬಂತು. ಕೈ ಮಾತ್ರ ಬರಲಿಲ್ಲ. ಸುಂಕದಕಟ್ಟೆಯ ನಮ್ಮ ಮನೆ ಮುಂದೆ ಅವರ ಪಿಕಪ್ ಗಾಡಿ ಅಷ್ಟೂ ದಿನ ನಿಂತಲ್ಲೇ ನಿಂತಿತ್ತು. ಹೊಂಗೆಮರದ ಎಲೆ ಬಿದ್ದು ಬಿದ್ದು ಬಾನೆಟ್ಟಿನ ಬಣ್ಣ ಯಾವುದೆಂದು ಮರೆತುಹೋಗುವ ಹಾಗಾಗಿತ್ತು.

ಅದನ್ನು ಓಡಿಸಲು ಒಬ್ಬ ಡ್ರೈವರ್ ತಯಾರಿದ್ದ. ಕಾಮಾಕ್ಷಿಪಾಳ್ಯದವನು, ಇವರಿಗೇ ಹಳೇ ಪರಿಚಯ, ಕುಡಿತ ಇಲ್ಲ. ವಾರಕ್ಕೊಂದು ಸಲ ಫೋನ್ ಮಾಡಿ, "ಅಕ್ಕಾ, ಅಣ್ಣ ಏನಂದ್ರು?" ಅಂತ ಕೇಳುತ್ತಿದ್ದ. ಅಣ್ಣ ಏನೂ ಅನ್ನುತ್ತಿರಲಿಲ್ಲ. "ಇನ್ನೊಂದ್ ತಿಂಗಳು ನೋಡೋಣ, ಕೈ ಬರುತ್ತೆ" ಅನ್ನುವುದು, ಗೋಡೆ ಕಡೆ ತಿರುಗಿ ಮಲಗುವುದು. ನಾನು ಗಾರ್ಮೆಂಟ್ಸಿನಲ್ಲಿ ಹೊಲಿದು ತರುವುದರಲ್ಲಿ ಮನೆ ನಡೆಯುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಆದರೆ ಬೇರೆಯವನನ್ನು ಕರಿ ಅನ್ನುವ ಮಾತು ಅವರ ಬಾಯಿಂದಲೇ ಬರಬೇಕು, ನಾನಾಗಿ ಕೇಳಬಾರದು ಅಂತ ಹಟ ಹಿಡಿದಿದ್ದೆ. ಇಪ್ಪತ್ತು ವರ್ಷ ಓಡಿಸಿದ ಗಾಡಿ. ಕೈ ಬಿದ್ದವನ ಕೈಯಿಂದ ಹೆಂಡತಿ ಕಿತ್ತುಕೊಂಡಳು ಅಂತ ಆಗುವುದು ಬೇಡವಾಗಿತ್ತು.

ನನ್ನ ಸ್ಥಿತಿ ಹೇಳುವುದಾದರೆ, ನನಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವೂ ಇಲ್ಲ, ಭಯವೂ ಇಲ್ಲ. ಬೆಳಿಗ್ಗೆ ಏಳುವುದು, ಅವರಿಗೆ ಸ್ನಾನ ಮಾಡಿಸುವುದು, ಫ್ಯಾಕ್ಟರಿ ವ್ಯಾನ್ ಹತ್ತುವುದು, ಕಾಲರ್ ಹೊಲಿಯುವುದು, ಬರುವುದು. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಎದೆಯೊಳಗೆ ಜೋಮು ಹಿಡಿದಿತ್ತು. ಅಕ್ಕಪಕ್ಕದವರು "ಪಾಪ, ಎಷ್ಟು ಗಟ್ಟಿ ಹೆಂಗಸು" ಅನ್ನುತ್ತಿದ್ದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಚಿವುಟಿದರೂ ಗೊತ್ತಾಗದವಳಿಗೆ ಗಟ್ಟಿ ಅನ್ನುತ್ತಾರೇನು?

ಅಷ್ಟರಲ್ಲಿ ಗಾಡಿಯ ಎಫ್‌ಸಿ ಬಂತು. ಅಂದರೆ ಗಾಡಿಯನ್ನು ಆರ್‌ಟಿಓಗೆ ಒಯ್ದು, ರಸ್ತೆಗಿಳಿಯಲು ಯೋಗ್ಯ ಅಂತ ಸರ್ಟಿಫಿಕೇಟ್ ಮಾಡಿಸಬೇಕು. ಸೋಮವಾರ ಹೋಗಬೇಕಿತ್ತು. ಹಾರ್ನ್ ಹೊಡೆಯುತ್ತಿರಲಿಲ್ಲ; ಹಾರ್ನ್ ಇಲ್ಲದ ಗಾಡಿ ಪಾಸಾಗುವುದಿಲ್ಲ. ದೋಷ ಸ್ಟೇರಿಂಗ್ ಚಕ್ರದ ಅಡಿಯಲ್ಲಿ ಇತ್ತಂತೆ. ಮಾಗಡಿ ರೋಡಿನ ಮೆಕ್ಯಾನಿಕ್ಕನ್ನು ಕರೆಯುತ್ತೇನೆ, ಅರ್ಧ ಗಂಟೆ ಕೆಲಸ ಅಂದೆ. ಇವರಿಗೆ ಸಿಟ್ಟು ನೆತ್ತಿಗೇರಿತು. "ನನ್ ಸ್ಟೇರಿಂಗ್ ಬಿಚ್ಚೋಕೆ ಇನ್ನೊಬ್ಬ ಬರ್ಬೇಕಾ? ಇಪ್ಪತ್ ವರ್ಷದಲ್ಲಿ ಯಾವನ್ ಕೈಯಾದ್ರೂ ಹಾಕ್ಸಿದೀನಾ?"

"ಹಂಗಾದ್ರೆ ನಾನೇ ಬಿಚ್ತೀನಿ, ನೀವು ಕೂತ್ಕೊಂಡು ಹೇಳಿ" ಅಂದೆ. ಕೋಪಕ್ಕೆ ಅಂದಿದ್ದು. ಅವರು ನನ್ನನ್ನೇ ಒಂದು ಗಳಿಗೆ ನೋಡಿ, "ಬಿಚ್ಚು" ಅಂದುಬಿಟ್ಟರು. ಸೋಮವಾರ ಗಾಡಿಯನ್ನು ಆರ್‌ಟಿಓಗೆ ಓಡಿಸಿಕೊಂಡು ಹೋಗುವವರು ಯಾರು ಅನ್ನುವುದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಭಾನುವಾರ ತಿಂಡಿ ಆದಮೇಲೆ ಪ್ಲಾಸ್ಟಿಕ್ ಕುರ್ಚಿಯನ್ನು ಗಾಡಿ ಪಕ್ಕ ಹಾಕಿ ಅವರನ್ನು ಕೂರಿಸಿದೆ. ಟೂಲ್ಸ್ ಚೀಲ ಅವರ ತೊಡೆ ಮೇಲೆ. ಎದುರುಮನೆ ಆಂಟಿ ಬಾಗಿಲಲ್ಲಿ ನಿಂತು, "ಏನಮ್ಮ, ಗಾಡಿ ರಿಪೇರಿನೂ ಕಲ್ತ್ಬಿಟ್ಯಾ?" ಅಂದರು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಆಂಟಿ. ಇಷ್ಟ್ ವರ್ಷ ಇವ್ರು ಗಾಡಿ ಕೆಳಗೆ ಮಲಗ್ತಿದ್ರು, ನಾನು ಕಾಫಿ ಕೊಡ್ತಿದ್ದೆ. ಇವತ್ತು ಅವ್ರು ಕೂತಿದಾರೆ, ಕಾಫಿ ಮಾತ್ರ ಯಾರೂ ಕೊಡ್ತಿಲ್ಲ" ಅಂದೆ. ಆಂಟಿ ನಕ್ಕು ಒಳಗೆ ಹೋಗಿ ನಿಜವಾಗಿಯೂ ಕಾಫಿ ತಂದರು.

"ಮೊದ್ಲು ಮುಂದಿನ್ ಟೈರ್ ನೇರ ಇದೆಯಾ ನೋಡು" ಅಂದರು. ಇತ್ತು. "ಈಗ ಬ್ಯಾಟ್ರಿ. ಮೈನಸ್ ಕಡೆ ವೈರ್ ಬಿಚ್ಚು. ಹತ್ತನೇ ನಂಬರ್ ಸ್ಪ್ಯಾನರ್." ಬಿಚ್ಚಿದೆ. "ಇದು ಹಳೇ ಗಾಡಿ, ಏರ್‌ಬ್ಯಾಗ್ ಇಲ್ಲ. ಏರ್‌ಬ್ಯಾಗ್ ಇರೋ ಗಾಡಿ ಸ್ಟೇರಿಂಗಿಗೆ ಮಾತ್ರ ಗೊತ್ತಿಲ್ದೋರು ಕೈ ಹಾಕ್ಬಾರ್ದು, ಮುಖಕ್ಕೇ ಸಿಡಿಯುತ್ತೆ" ಅಂತ ಬುದ್ಧಿ ಹೇಳಿದರು. ನಾನೇನು ಊರಿನ ಗಾಡಿಯನ್ನೆಲ್ಲ ಬಿಚ್ಚಲು ಹೊರಟಿದ್ದೇನೋ ಅನ್ನುವ ಹಾಗೆ. ಆದರೆ ಐದು ತಿಂಗಳಲ್ಲಿ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು, ಸುಮ್ಮನೆ ಕೇಳಿದೆ.

ಹಾರ್ನ್ ಒತ್ತುವ ಮುಚ್ಚಳವನ್ನು ಮೀಟಿ ತೆಗೆದು ಅದರ ವೈರ್ ಕಳಚಿದೆ. ಒಳಗೆ ದೊಡ್ಡ ನಟ್ಟು. ಪಾನಾ ಹಾಕಿ ಎಷ್ಟು ಜಗ್ಗಿದರೂ ಬರಲಿಲ್ಲ. "ಸೊಂಟ ಕೊಡು, ಬರೀ ತೋಳಲ್ಲ" ಅಂದರು. ಕಿರ್ ಅಂತ ಸಡಿಲವಾಯಿತು. "ನಿಲ್ಸು! ಪೂರ್ತಿ ಬಿಚ್ಬೇಡ. ನಟ್ಟು ಎರಡು ಸುತ್ತು ದಂಡದ ಮೇಲೇ ಇರ್ಲಿ. ಇಲ್ದಿದ್ರೆ ಎಳ್ದಾಗ ಚಕ್ರ ಬಂದು ಮುಸುಡಿಗೆ ಹೊಡೆಯುತ್ತೆ. ಮತ್ತೆ ಗುರುತು ಹಾಕು, ದಂಡದ ಮೇಲೊಂದು, ಚಕ್ರದ ಮೇಲೊಂದು, ಎದುರುಬದುರು."

ಚಕ್ರ ಕೂರುವ ಕಬ್ಬಿಣದ ದಂಡಕ್ಕೂ ಚಕ್ರದ ತೂತಿಗೂ ಸುತ್ತ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಬಿಚ್ಚುವಾಗ ಯಾವ ಹಲ್ಲು ಎಲ್ಲಿತ್ತೋ ಹಾಕುವಾಗಲೂ ಅಲ್ಲೇ ಕೂರಬೇಕು, ಇಲ್ಲದಿದ್ದರೆ ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಓರೆಯಾಗಿ ನಿಲ್ಲುತ್ತದೆ. ನನಗೆ ಇದು ಥಟ್ಟನೆ ಅರ್ಥವಾಯಿತು. ತೋಳನ್ನು ಅಂಗಿಗೆ ಕೂಡಿಸುವಾಗ ನಾವೂ ಹೀಗೇ ಗುರುತು ಹಾಕುವುದು. ಬ್ಯಾಗಿನಿಂದ ನನ್ನ ಟೈಲರಿಂಗ್ ಚಾಕ್ ತಂದು ಎರಡು ಗೆರೆ ಎಳೆದೆ. "ಪರ್ವಾಗಿಲ್ವೇ" ಅಂದರು ಇವರು.

ಸುತ್ತಿಗೆ ಮುಟ್ಟಬೇಡ, ದಂಡ ಹಾಳಾಗುತ್ತೆ ಅಂದರು. ಎರಡು ಕೈಯಲ್ಲೂ ಚಕ್ರ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನನ್ನ ಕಡೆಗೆ ಎಳೆದೆ. ಆರೇಳು ಸಲಕ್ಕೆ ಠಣ್ ಅಂತ ಕಿತ್ತು ಬಂದು ನಟ್ಟಿಗೆ ಹೊಡೆದು ನಿಂತಿತು. ಆ ಎರಡು ಸುತ್ತು ಇಲ್ಲದಿದ್ದರೆ ನನ್ನ ಮುಂದಿನ ಹಲ್ಲು ಇರುತ್ತಿರಲಿಲ್ಲ. ನಟ್ಟು ತೆಗೆದು ಚಕ್ರ ಹೊರಗೆ ತಂದೆ. ಹಾರ್ನಿಗೆ ಕರೆಂಟು ಮುಟ್ಟಿಸುವ ಅಡಿಯ ಹಿತ್ತಾಳೆ ಬಳೆಯೂ ಅದಕ್ಕೆ ತಾಗುವ ಸ್ಪ್ರಿಂಗೂ ಕಪ್ಪಗಾಗಿದ್ದವು. ಉಪ್ಪುಕಾಗದದಲ್ಲಿ ತಿಕ್ಕಿದೆ, ಫಳಫಳ ಹೊಳೆದವು.

ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ನಮ್ಮ ಯಜಮಾನರದು ಒಂದು ಪದ್ಧತಿ. ಗಾಡಿಯಿಂದ ಏನೇ ಬಿಚ್ಚಿದರೂ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಕಣ್ಣಿಗೊತ್ತಿಕೊಂಡೇ ವಾಪಸು ಹಾಕುವುದು. ಅದನ್ನು ನಾನು ತಪ್ಪಿಸಬಾರದಲ್ಲ. ಆದರೆ ಅಷ್ಟು ಕೊಳಕು ಹಿಡಿದ ವಸ್ತುವಿಗೆ ಕುಂಕುಮ ಇಡಲು ನನ್ನ ಮನಸ್ಸು ಒಪ್ಪಬೇಕೇ! ಚಕ್ರವನ್ನು ಬಚ್ಚಲಿಗೆ ಒಯ್ದು ಸೋಪು ಹಾಕಿ ಉಜ್ಜಿ ತೊಳೆದೆ. ಬಂದು ದಂಡದ ಜಿಡ್ಡನ್ನೂ ಬಟ್ಟೆಯಲ್ಲಿ ಒರೆಸಿದೆ. ದೇವರ ದೀಪ ತಿಕ್ಕಿದ ಹಾಗೆ ತಿಕ್ಕಿ, ಅರಿಶಿನ ಕುಂಕುಮ ಇಟ್ಟು, ಹಾಕಲು ಹೋದರೆ ಗೆರೆ ಎಲ್ಲಿ? ಇಲ್ಲೂ ಇಲ್ಲ, ಅಲ್ಲೂ ಇಲ್ಲ.

"ಗಣೇಶನ್ ಮಾಡು ಅಂದ್ರೆ ಅವರಪ್ಪನ್ನ ಮಾಡಿದ್ಯಲ್ಲೇ!" ಅಂತ ಕೂಗಿದರು. "ಕುಂಕುಮ ಇಡು ಅಂದ್ರೆ ಇಡ್ಬೇಕು, ಸೀಗೆಕಾಯಿ ಹಾಕಿ ಎರೆಯೋಕೆ ಅದೇನ್ ಮಗೂನಾ?"

"ಅಳಿಸೋಗುತ್ತೆ ಅಂತ ನೀವ್ ಹೇಳ್ಬೇಕಿತ್ತು!" ಅಂತ ನಾನೂ ಕೂಗಿದೆ.

ಅಂದಾಜಿನ ಮೇಲೆ ಕೂರಿಸಿ ನಟ್ಟನ್ನು ಕೈಯಲ್ಲೇ ತಿರುವಿದೆ. ಡ್ರೈವರ್ ಜಾಗದಲ್ಲಿ ಕೂತು ನೋಡಿದೆ, ನನಗೆ ನೇರವಾಗಿಯೇ ಕಂಡಿತು. ಇವರು ಕುರ್ಚಿಯಿಂದ ಕತ್ತು ಉದ್ದ ಮಾಡಿ ನೋಡಿದರು. "ಇಲ್ಲಿಂದ ಕಾಣಲ್ಲ. ನಿಂಗೆ ಗೊತ್ತಾಗಲ್ಲ. ಓಡ್ಸಿದೋನು ಕೂತ್ರೇನೇ ತಿಳಿಯೋದು" ಅಂದರು. ಸ್ಟ್ರೋಕ್ ಆದಮೇಲೆ ಅವರು ಆ ಗಾಡಿಯನ್ನು ಹತ್ತಿರಲಿಲ್ಲ. ಹತ್ತಿ ನೋಡಿ ಅಂತ ಫಿಸಿಯೋಥೆರಪಿಯವನು ಹೇಳಿದ್ದಕ್ಕೆ ಅವನ ಜೊತೆ ಎರಡು ದಿನ ಮಾತು ಬಿಟ್ಟಿದ್ದರು.

"ಹತ್ಸು" ಅಂದರು.

ಬೆನ್ನು ಕೊಟ್ಟು, ಹಿಂದಿನಿಂದ ತಳ್ಳಿ ಹತ್ತಿಸಿದೆ. ಏದುಸಿರು ಬಿಡುತ್ತ ಕೂತರು. ಬಲಗೈ ಚಕ್ರದ ಮೇಲೆ ಇಟ್ಟರು, ರಸ್ತೆ ನೋಡಿದರು. "ಒಂದ್ ಹಲ್ಲು ಎಡಕ್ಕೆ" ಅಂದರು. ಪಕ್ಕದ ಬಾಗಿಲಿಂದ ಹತ್ತಿ ನಟ್ಟು ತೆಗೆದು, ಚಕ್ರ ಎತ್ತಿ, ಒಂದು ಹಲ್ಲು ಎಡಕ್ಕೆ ಕೂರಿಸಿದೆ. "ಹ್ಞಾ, ಇದೇ." ನಟ್ಟು ಬಿಗಿ ಮಾಡಿದೆ. ಅವರೂ ಬಲಗೈಯಲ್ಲಿ ಪಾನಾ ಎಳೆದು ನೋಡಿ ಒಪ್ಪಿದರು. ವೈರ್ ಸಿಕ್ಕಿಸಿ, ಮುಚ್ಚಳ ಹಾಕಿ, ಬ್ಯಾಟರಿ ಕೂಡಿಸಿ ಬಂದೆ. ಹಾರ್ನ್ ಒತ್ತಿದರು. ಬೀದಿಯ ನಾಯಿಗಳೆಲ್ಲ ಎದ್ದು ನಿಂತವು.

ಆಮೇಲೆ ಅವರು ಇಳಿಯಲಿಲ್ಲ. ಬಲಗೈಯಿಂದ ಎಡಗೈಯನ್ನು ಎತ್ತಿ ಗೇರಿನ ಗುಂಡಿನ ಮೇಲೆ ಇಟ್ಟರು. ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದರು. ಬಲಗೈ ವಾಪಸು ಸ್ಟೇರಿಂಗಿಗೆ ಹೋದ ಕೂಡಲೇ ಎಡಗೈ ಜಾರಿ ತೊಡೆ ಮೇಲೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಮೂರನೇ ಸಲ ಬಿದ್ದದ್ದನ್ನು ಎತ್ತಲಿಲ್ಲ.

"ಆ ಕಾಮಾಕ್ಷಿಪಾಳ್ಯದವ್ನಿಗೆ ಫೋನ್ ಮಾಡು. ನಾಳೆ ಎಂಟ್ ಗಂಟೆಗೆ ಬರಕ್ಕೇಳು" ಅಂದರು.

ಐದು ತಿಂಗಳಿಂದ ನಾನು ಕಾದಿದ್ದ ಮಾತು. ಕೇಳಿದ ಮೇಲೆ ನನ್ನ ಬಾಯಿಂದ ಬಂದದ್ದು, "ಇನ್ನೊಂದ್ ತಿಂಗಳು ನೋಡೋಣ ಬಿಡಿ."

"ಸುಳ್ ಹೇಳ್ಬೇಡ ಕಣೇ" ಅಂದರು. ಸಿಟ್ಟಿರಲಿಲ್ಲ. ಕೆಳಗಿಳಿಸಿ ಕುರ್ಚಿಯಲ್ಲಿ ಕೂರಿಸಿದೆ. ಟೂಲ್ಸ್ ಚೀಲದ ಬಾಯಿ ಕಟ್ಟುತ್ತಿದ್ದಾಗ ಮತ್ತೆ ಕರೆದರು. "ಸೀಟು ಹಿಂದಕ್ ತಳ್ಳಿಬಿಡು. ಅವ್ನ್ ಕಾಲು ಉದ್ದ."

ಸೀಟಿನ ಕೆಳಗೆ ತಲೆ ಹಾಕಿ ಲಿವರ್ ಎಳೆದೆ. ಬರಲಿಲ್ಲ, ಪೂರ್ತಿ ತುಕ್ಕು. ಇಪ್ಪತ್ತು ವರ್ಷದಲ್ಲಿ ಅದನ್ನು ಎಳೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಅಲ್ಲಿ, ಆ ಧೂಳಿನಲ್ಲಿ, ನನಗೆ ಅಳು ಬಂತು. ಬಿಕ್ಕಿ ಬಿಕ್ಕಿ ಬಂತು, ತಡೆಯಲು ಆಗಲಿಲ್ಲ.

ಹೊರಗಿನಿಂದ ಅವರು, "ಜೋರ್ ಮಾಡ್ಬೇಡ, ಮುರಿಯುತ್ತೆ. ಸ್ವಲ್ಪ ಎಣ್ಣೆ ಬಿಟ್ಟು ಕಾಯಿ, ಸರಿಯುತ್ತೆ" ಅಂದರು.