ಅಕ್ಕನ ಹಾಸಿಗೆಯ ಬಳಿ ಪ್ರಾರ್ಥನೆ

ಮಾನ್ವಿಯ ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಹೊತ್ತು ಗೊತ್ತು ಮಾಡಿದವರು ಅಪ್ಪ. ಎದ್ದ ಕೂಡಲೇ, ಊಟಕ್ಕೆ ಮುಂಚೆ, ದೀಪ ಹಚ್ಚುವಾಗ, ಮಲಗುವಾಗ. ಕ್ರೈಸ್ತ ಸಭೆಯ ಉಪದೇಶಿಯಾಗಿದ್ದ ಅವರು ಸೈಕಲ್ ತುಳಿದು ಚೀಕಲಪರ್ವಿ, ಬಾಗಲವಾಡದ ಕಡೆ ಹೋಗುವಾಗಲೂ ತುಟಿ ಅಲ್ಲಾಡಿಸುತ್ತಲೇ ಇರುತ್ತಿದ್ದರು. ಅವ್ವ ತೀರಿಕೊಂಡ ದಿನವೂ ಒಂದು ಹೊತ್ತು ತಪ್ಪಲಿಲ್ಲ. ದಿನಕ್ಕೆ ಎಷ್ಟು ಸಲ ಪ್ರಾರ್ಥಿಸಿದರೆ ಸಾಕು ಎಂದು ಯಾರಾದರೂ ಕೇಳಿದರೆ, ಹಾಗೆ ಕೇಳುವುದೇ ಸೋಮಾರಿತನ ಎನ್ನುತ್ತಿದ್ದರು.

ದೇವದುರ್ಗಕ್ಕೆ ಕೊಟ್ಟಿದ್ದ ನನ್ನ ಅಕ್ಕನಿಗೆ ಲಿವರ್ ಕೆಟ್ಟಿತು. ನನ್ನನ್ನು ರಾಯಚೂರಿಗೆ ಕೊಟ್ಟಿದ್ದರಿಂದ ಆಸ್ಪತ್ರೆಯಲ್ಲಿ ನಾನೇ ಜೊತೆಗಿದ್ದೆ. ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ತೆಗೆದರೆ ಮತ್ತೆ ತುಂಬುತ್ತಿತ್ತು. ಕಡೆಗೆ ಡಾಕ್ಟರು ನನ್ನನ್ನೂ ಭಾವನನ್ನೂ ಹೊರಗೆ ಕರೆದು, ಇನ್ನು ಮನೆಗೆ ಕರೆದುಕೊಂಡು ಹೋಗುವುದೇ ಒಳ್ಳೆಯದು ಎಂದರು. ಭಾವ ಕೆಲಸ ಬಿಡುವಂತಿರಲಿಲ್ಲ. ಅಕ್ಕನನ್ನು ಮಾನ್ವಿಗೆ ತಂದೆವು. ನಾನೂ ಅಲ್ಲಿಯೇ ಉಳಿದೆ.

ಡಾಕ್ಟರು ಹೇಳಿದ್ದನ್ನು ಅಪ್ಪ ಒಪ್ಪಲಿಲ್ಲ. ಸರಪಳಿ ಪ್ರಾರ್ಥನೆ ಇಟ್ಟರು. ಸಭೆಯ ಹೆಂಗಸರು ಪಾಳಿಯ ಮೇಲೆ ಬರತೊಡಗಿದರು. ಒಬ್ಬರು ಏಳುವ ಮೊದಲೇ ಇನ್ನೊಬ್ಬರು ಹಾಸಿಗೆಯ ಬಳಿ ಮೊಣಕಾಲೂರುತ್ತಿದ್ದರು. ಪ್ರೀತಿಯಿಂದಲೇ ಬರುತ್ತಿದ್ದರು; ಕೆಲವರು ಹತ್ತಿ ಬಿಡಿಸಿ, ಮೈ ಬೆವರಿನಲ್ಲೇ ನೇರವಾಗಿ ಬಂದುಬಿಡುತ್ತಿದ್ದರು. ಆದರೆ ದನಿ ಏರಿಸಿ, ಅಳುತ್ತಾ, ಬಾತುಕೊಂಡ ಹೊಟ್ಟೆಯ ಮೇಲೆ ಕೈ ಒತ್ತುತ್ತಿದ್ದರು. ಅಕ್ಕ ಹಲ್ಲು ಕಚ್ಚಿಕೊಂಡಿರುತ್ತಿದ್ದಳು. ಅವಳಿಗೆ ಕಣ್ಣು ಮುಚ್ಚಲೂ ಬಿಡುವಿರಲಿಲ್ಲ. ಮುಚ್ಚಿದರೆ ಅವಳೂ ಪ್ರಾರ್ಥಿಸುತ್ತಿದ್ದಾಳೆಂದು ಅವರ ಹುರುಪು ಹೆಚ್ಚುತ್ತಿತ್ತು.

ಹೊಟ್ಟೆ ಮುಟ್ಟಬೇಡಿ ಎಂದು ನಾನು ಹೇಳಿದೆ. ಒಂದು ದಿನ ಕೇಳಿದರು, ಮರುದಿನ ಮರೆತರು. ಅಪ್ಪನಿಗೆ ಹೇಳಿದರೆ, ಸೈತಾನ ಹೀಗೇ ಅಡ್ಡ ಬರುತ್ತಾನೆ ಎಂದು ನನ್ನನ್ನೇ ಗದರಿದರು.

ಒಂದು ಬೆಳಿಗ್ಗೆ ಹೆಂಗಸರು ಬರುವ ಮುಂಚೆ ಅಕ್ಕ ಅಪ್ಪನನ್ನು ಹತ್ತಿರ ಕರೆದಳು.

"ಯಪ್ಪಾ, ದಿನಕ್ಕ ಒಮ್ಮಿ ಮಾಡು. ಸಣ್ಣದಾಗಿ ಮಾಡು. ಉಳಿದ ಹೊತ್ತು ನನ್ನ ಕೂಡ ಮಾತಾಡು."

ಅಪ್ಪ ಗಾಬರಿಯಾದರು. "ಹಂಗ ಅನಬ್ಯಾಡವ್ವಾ. ನಾವು ಕೇಳೂದು ಬಿಟ್ರ ಆತ ಮರತುಬಿಟ್ರ ಹೆಂಗ?"

"ಮರಿಯಾಂವ ಅಲ್ಲ ಅಂತ ನೀನ ಕಲಿಸೀದಿ," ಎಂದಳು ಅಕ್ಕ.

ಅಪ್ಪ ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತರು. ಹೆಂಗಸರು ಬಂದಾಗ ಅವರನ್ನು ಬಾಗಿಲಲ್ಲೇ ತಡೆದು, ಇನ್ನು ನಿಮ್ಮ ನಿಮ್ಮ ಮನೆಯಲ್ಲೇ ಪ್ರಾರ್ಥಿಸಿ ಎಂದು ಕೈಮುಗಿದರು. ಒಬ್ಬ ಹಿರಿಯಾಕೆ, ಉಪದೇಶಿಯ ಮನೆಯಲ್ಲೇ ವಿಶ್ವಾಸ ಆರಿತು ಎಂದು ಬೀದಿಗೆ ಕೇಳುವಂತೆ ಹೇಳಿಕೊಂಡು ಹೋದಳು.

ಆಮೇಲೆ ಅಪ್ಪ ಒಳಗೆ ಬಂದು ಅಕ್ಕನ ಹಾಸಿಗೆಯ ಬಳಿ ಸ್ಟೂಲು ಎಳೆದುಕೊಂಡರು. ಮಕ್ಕಳ ಬಗ್ಗೆ ಅವರು ಜೀವಮಾನವಿಡೀ ದೇವರ ಹತ್ತಿರವೇ ಮಾತಾಡಿದ್ದರು. ಮಕ್ಕಳ ಹತ್ತಿರ ಮಾತಾಡಿದ್ದು ಕಡಿಮೆ. ಸ್ಟೂಲಿನ ಮೇಲೆ ಕೂತು ಮೊದಲು ಬಿಸಿಲಿನ ಬಗ್ಗೆ ಹೇಳಿದರು, ಪಕ್ಕದ ರೈಸ್‌ಮಿಲ್ಲಿನ ಧೂಳಿನ ಬಗ್ಗೆ ಹೇಳಿದರು. ಹೋಗ್ತಾ ಹೋಗ್ತಾ ಹಳೆಯದು ಬಂತು. ತಮ್ಮ ಮದುವೆಯಲ್ಲಿ ಅವ್ವನ ಸೀರೆ ಮುಳ್ಳಿಗೆ ಸಿಕ್ಕಿ ಹರಿದದ್ದು, ತಾವು ನದಿಯಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಉಪದೇಶ ಮಾಡಿದ್ದು. ಅಕ್ಕ ನಕ್ಕಳು. ನಗುವಾಗ ನೋವಾಗಿ ಹೊಟ್ಟೆ ಹಿಡಿದುಕೊಂಡಳು. ಆದರೂ ಆಮೇಲೆ ಏನಾಯಿತು ಎಂದು ಕೇಳಿದಳು. ಸಂಜೆ ಅಪ್ಪ ಅವಳ ಅಂಗೈ ಹಿಡಿದು ಸಣ್ಣ ದನಿಯಲ್ಲಿ ಒಮ್ಮೆ ಪ್ರಾರ್ಥಿಸುತ್ತಿದ್ದರು.

ಆ ವಾರ ಮುಗಿಯುವ ಮುಂಚೆಯೇ, ನಡುಮಧ್ಯಾಹ್ನ, ಅಕ್ಕ ರಕ್ತ ವಾಂತಿ ಮಾಡಿಕೊಂಡಳು. ನಾನು ಬೇಸನ್ ಹಿಡಿದಿದ್ದೆ, ಅದು ಸಾಲಲಿಲ್ಲ. ಭಾವ ದೇವದುರ್ಗದಿಂದ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡುವಾಗ ಹಿಂದೆ ನಿಂತಿದ್ದ ಹೆಂಗಸರು, ಪ್ರಾರ್ಥನೆ ನಿಲ್ಲಿಸದೆ ಇದ್ದಿದ್ದರೆ ಉಳಿಯುತ್ತಿದ್ದಳೇನೋ ಎಂದು ಮಾತಾಡಿಕೊಂಡರು. ಅದು ನನಗೆ ಕೇಳಿಸಿತು. ಅಪ್ಪನಿಗೂ ಕೇಳಿಸಿರಬೇಕು. ಮನೆಗೆ ಬಂದ ಮೇಲೆ, ಕೈಕಾಲು ತೊಳೆಯದೆ ನಿಂತು ಕೇಳಿದರು: "ನಿಲ್ಲಿಸಿದ್ದು ತಪ್ಪಾತೇನು?"

ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಅವಳು ಆ ನಾಲ್ಕು ದಿನ ನೆಮ್ಮದಿಯಾಗಿ ಇದ್ದಳಲ್ಲ ಎಂದೆ. ಅವರು ತಲೆಯಾಡಿಸಿದರು. ನಂಬಿದಂತೆ ಕಾಣಲಿಲ್ಲ.

ಈಗ ಅವರು ರಾಯಚೂರಿನಲ್ಲಿ ನಮ್ಮ ಜೊತೆಗಿದ್ದಾರೆ. ಭಾನುವಾರ ಸಭೆಗೆ ಬಂದು ಕಡೆಯ ಬೆಂಚಿನಲ್ಲಿ ಕೂರುತ್ತಾರೆ. ಮುಂದೆ ಕರೆದರೆ ಹೋಗುವುದಿಲ್ಲ. ಊಟಕ್ಕೆ ಕೂತಾಗ ನನ್ನ ಮಕ್ಕಳು ಅವರ ಕಡೆ ನೋಡುತ್ತಾರೆ. ಅವರು ನನ್ನ ಕಡೆ ನೋಡಿ, "ನೀನ ಮಾಡವ್ವಾ," ಎನ್ನುತ್ತಾರೆ. ನಾನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಎಲ್ಲರೂ ಆಮೆನ್ ಅಂದರೂ ಅವರು ಅನ್ನುವುದಿಲ್ಲ. ತಟ್ಟೆಯ ಮೇಲೆ ಕೈ ಇಟ್ಟು, ಅನ್ನ ಆರುವ ತನಕ ಹಾಗೇ ಕೂತಿರುತ್ತಾರೆ.