ಹತ್ತು ನಿಮಿಷದ ಷರತ್ತು

ನಡೆಯುವಾಗ ಅವರ ಮೈ ಹಿಂದಕ್ಕೆ ವಾಲಿರುತ್ತಿತ್ತು. ಹೊಟ್ಟೆ ಮುಂದೆ ಬಂದವರು ಹಾಗೆ ನಡೆಯುವುದುಂಟು, ಆದರೆ ಇವರಿಗೆ ಹೊಟ್ಟೆ ಎಂಬುದೇ ಇರಲಿಲ್ಲ. ಹಗ್ಗ ಹಿಡಿದು ಏನನ್ನೋ ಜಗ್ಗುತ್ತಿರುವವರ ಹಾಗೆ ಹಿಮ್ಮಡಿ ಊರಿ, ಗದ್ದ ಎತ್ತಿ, ಹೊಸಪೇಟೆ ಮಾರ್ಕೆಟ್ಟಿನ ನೂಕುನುಗ್ಗಲಿನಲ್ಲೂ ಹಾಗೇ ಬರುತ್ತಿದ್ದರು. ಬಲ ಅಂಗೈಯಲ್ಲಿ ಅಡ್ಡಕ್ಕೆ ಹಗ್ಗ ತಿಂದ ಗೆರೆಯೊಂದು ಬಿಳಿಚಿಕೊಂಡಿತ್ತು. ಜ್ಯೋತಿಷಿಗೆ ಕೈ ತೋರಿಸಿದರೆ ಆಯುಷ್ಯದ ರೇಖೆ ಯಾವುದು, ಹಗ್ಗದ ಗೆರೆ ಯಾವುದು ಅಂತ ಅವನೂ ತಡಕಾಡಬೇಕಾಗುತ್ತದೆ ಎಂದು ನಾನೊಮ್ಮೆ ಚೇಷ್ಟೆ ಮಾಡಿದ್ದೆ. ಅವರು ಅಂಗೈ ನೋಡಿಕೊಂಡು, "ಹಗ್ಗದ್ದ ಉದ್ದ ಐತ್ರಿ," ಎಂದಿದ್ದರು.

ಊರವರೆಲ್ಲ ಅವರನ್ನು ಮಾಸ್ತರು ಎನ್ನುತ್ತಿದ್ದರು. ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ. ಕಂಪ್ಲಿಯ ಹೊಳೆದಂಡೆಯಲ್ಲಿ ಹುಟ್ಟಿ, ನೌಕಾದಳಕ್ಕೆ ಸೇರಿ ಹಾಯಿದೋಣಿ ನಡೆಸುವುದನ್ನು ಕಲಿತು, ನಿವೃತ್ತಿಯಾಗಿ ಬಂದ ಮೇಲೆ ಯಶವಂತನಗರದ ಕಡೆಯ ಗಣಿಯೊಂದರಲ್ಲಿ ಅದಿರು ಒಡೆಯುವ ಕ್ರಷರಿನ ಮುಂದೆ ಹನ್ನೆರಡು ವರ್ಷ ನಿಂತವರು. ಆ ಗಣಿಯ ಸಾಹೇಬರೊಬ್ಬರಿಗೆ ಜಲಾಶಯದ ಹಿನ್ನೀರಿನಲ್ಲಿ ಹಾಯಿ ಬಿಡುವ ಖಯಾಲಿ ಹತ್ತಿ ಒಂದು ಹಾಯಿದೋಣಿ ತರಿಸಿದರು. ನಡೆಸಲು ಬರುತ್ತಿದ್ದದ್ದು ಕ್ರಷರಿನ ಮಾಸ್ತರಿಗೊಬ್ಬರಿಗೇ. ಆಮೇಲೆ ಗಣಿ ಮುಚ್ಚಿತು, ಸಾಹೇಬರು ಊರು ಬಿಟ್ಟರು. ದೋಣಿಯೂ ಎದೆಯೊಳಗಿನ ಧೂಳೂ ಮಾಸ್ತರ ಪಾಲಿಗೆ ಉಳಿದವು.

ಆ ದೋಣಿಯನ್ನು ಕಂಡಿಲ್ಲದವರಿಗೆ ಹೇಳಬೇಕು. ಉದ್ದನೆಯ, ಸಪೂರ, ಒಳಗೆ ಟೊಳ್ಳಾದ ಎರಡು ದೋಣಿಗಳನ್ನು ಮೊಳ ನಾಲ್ಕರ ಅಂತರದಲ್ಲಿಟ್ಟು ಪೈಪುಗಳಿಂದ ಜೋಡಿಸಿರುತ್ತಾರೆ. ನಡುವೆ ಬಿಗಿದು ಕಟ್ಟಿದ ದಪ್ಪ ಬಟ್ಟೆಯ ಮೇಲೆ ಕೂರಬೇಕು. ಮುಂದೆ ಎತ್ತರದ ಹಾಯಿಕಂಬ. ಮಾಸ್ತರು ಅದನ್ನು 'ಜೋಡಿ' ಎಂದು ಕರೆಯುತ್ತಿದ್ದರು. ನಮ್ಮ ಮೀನುಗಾರರ ಹರಿಗೋಲು ಗಾಳಿಗೆ ಗಿರಗಿರ ತಿರುಗುತ್ತದೆ, ಇದು ಒಂದು ಕಾಲೆತ್ತಿ ಓಡುತ್ತದೆ. ಓಡುತ್ತಾ ಓಡುತ್ತಾ ಧಡಕ್ಕನೆ ಮಗುಚಿಕೊಳ್ಳುತ್ತದೆ.

ಅವರನ್ನು ನಾನು ಕಂಡದ್ದು ನನ್ನ ಮೇಜಿನ ಎದುರು. ಹೊಸಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನಾಗ ಗುಮಾಸ್ತೆ. ಹಿನ್ನೀರಿನಲ್ಲಿ ದೋಣಿ ಬಿಡಲು, ಬಿಡುವುದನ್ನು ಕಲಿಸಲು ಪರವಾನಗಿ ಬೇಕೆಂದು ಯಾರೋ ಅವರಿಗೆ ಹೇಳಿದ್ದರು. ಅರ್ಜಿ ನೀಟಾಗಿತ್ತು. ನಾನು ಬಿಡಬೇಕಲ್ಲ, "ಮಗುಚಿದರೆ ಏನು ಮಾಡುತ್ತೀರಿ?" ಎಂದು ಕೇಳಿದೆ.

"ಮಗುಚಿದರ ಅಂತಿಲ್ರಿ ಮೇಡಂ, ಮಗುಚೇ ಮಗುಚತೈತಿ," ಎಂದರು. "ಮಗುಚಿದ್ದನ್ನ ಎತ್ತಾದ ವಿದ್ಯಾ ಇದು."

ಇಷ್ಟು ಸತ್ಯ ಹೇಳುವ ಅರ್ಜಿದಾರರು ನನಗೆ ಅಭ್ಯಾಸವಿರಲಿಲ್ಲ. ಹೆದರಿಕೆಯಾಯಿತು. ಆರು ಷರತ್ತುಗಳ ಕೆಳಗೆ ಏಳನೆಯದನ್ನು ನಾನೇ ಯೋಚಿಸಿ ಸೇರಿಸಿದೆ: 'ಅರ್ಜಿದಾರರು ಪ್ರತಿ ವರ್ಷ ಅಧಿಕಾರಿಯ ಸಮಕ್ಷಮದಲ್ಲಿ, ಮಗುಚಿದ ದೋಣಿಯನ್ನು ಒಬ್ಬರೇ ಹತ್ತು ನಿಮಿಷದೊಳಗೆ ಎತ್ತಿ ನಿಲ್ಲಿಸಿ ತೋರಿಸತಕ್ಕದ್ದು. ತಪ್ಪಿದಲ್ಲಿ ಪರವಾನಗಿ ರದ್ದಾಗುವುದು.' ಯಾವ ನಿಯಮ ಪುಸ್ತಕದಲ್ಲೂ ಇದು ಇರಲಿಲ್ಲ. ಹತ್ತು ಎಂಬ ಸಂಖ್ಯೆಯೂ ನನ್ನದೇ. ಐದು ಕಡಿಮೆಯಾಯಿತು, ಹದಿನೈದು ಹೆಚ್ಚಾಯಿತು ಅನ್ನಿಸಿ ಹತ್ತು ಎಂದು ಬರೆದೆ. ನಮ್ಮ ಕಚೇರಿಯ ಸಾಹೇಬರು ಓದಿ, "ಇಂಥವರಿರಬೇಕು ನೋಡಿ ಆಫೀಸಿನಾಗ," ಎಂದು ನನ್ನನ್ನು ಹೊಗಳಿದರು. ನಾನು ಉಬ್ಬಿದೆ. ಮಾಸ್ತರು ಎರಡು ಸಲ ಓದಿಕೊಂಡು, "ಭಾಳ ಚಲೋ ಬರದೀರಿ," ಎಂದರು. ಅವರು ಸಂತೋಷದಿಂದಲೇ ಅಂದದ್ದು.

ಮೊದಲ ವರ್ಷದ ಪರೀಕ್ಷೆಗೆ ಸಾಹೇಬರ ಜೊತೆ ನಾನೂ ಹೋದೆ, ಕೈಗಡಿಯಾರ ನೋಡಿ ವೇಳೆ ಬರೆಯಲು. ಶ್ರಾವಣದ ಗಾಳಿ, ತುಂಬಿದ ನೀರು. ಮಾಸ್ತರು ಬೇಕೆಂದೇ ದೋಣಿ ಮಗುಚಿಸಿದರು. ಹಾಯಿ ನೀರಿನ ಮೇಲೆ ಚಾಪೆಯ ಹಾಗೆ ಹಾಸಿಕೊಂಡಿತು. ಒಂದು ದೋಣಿ ನೀರಿನಲ್ಲಿ, ಇನ್ನೊಂದು ಆಕಾಶದಲ್ಲಿ. ಅವರಿಗೇನೂ ಅವಸರವಿರಲಿಲ್ಲ. ಈಜಿಕೊಂಡು ಮೂತಿಯ ಹತ್ತಿರ ಹೋಗಿ, ಇಡೀ ದೋಣಿಯನ್ನು ನಿಧಾನವಾಗಿ ಗಾಳಿಯ ಕಡೆ ತಿರುಗಿಸಿದರು. ಆಮೇಲೆ ಕೆಳಗಿನ ದೋಣಿಯ ಬೆನ್ನ ಮೇಲೆ ನಿಂತು, ಮೇಲಿನದಕ್ಕೆ ಹಾಕಿದ ಹಗ್ಗ ಹಿಡಿದು, ಬೆನ್ನು ನೀರಿಗೆ ತಾಗುವಷ್ಟು ಹಿಂದಕ್ಕೆ ವಾಲಿದರು. ಜಗ್ಗಲಿಲ್ಲ, ಸುಮ್ಮನೆ ತೂಗುಬಿದ್ದರು. ಗಾಳಿ ಹಾಯಿಯ ಕೆಳಗೆ ನುಸುಳಿತು, ಕಂಬ ಎದ್ದಿತು. ಮೇಲಿನ ದೋಣಿ ತಲೆಯ ಮೇಲೆ ಬೀಳುವಷ್ಟರಲ್ಲಿ ಮಾಸ್ತರು ಬಗ್ಗಿ ನಡುವಿನ ಪೈಪು ಹಿಡಿದಿದ್ದರು. ಮೂರು ನಿಮಿಷ. ಅವರ ಮೈ ಯಾಕೆ ಹಾಗೆ ವಾಲಿರುತ್ತದೆಂದು ಆ ದಿನ ತಿಳಿಯಿತು.

ದಂಡೆಗೆ ಬಂದು, "ಒಂದ್ ಸುತ್ತ ಬರ್ರಿ," ಎಂದರು. ಸಾಹೇಬರು ಶೂ ತೋರಿಸಿ ತಪ್ಪಿಸಿಕೊಂಡರು. ನಾನು ಹೋದೆ. ಈಜು ಬಾರದವಳು, ನಲವತ್ತರ ಹೆಂಗಸು, ಸೀರೆಯ ಮೇಲೆ ರಕ್ಷಣಾ ಜಾಕೆಟ್ ಕಟ್ಟಿಕೊಂಡು ಹೇಗೆ ಕಂಡಿರಬಹುದೋ. ಆಮೇಲೆ ಭಾನುವಾರಗಳೆಲ್ಲ ಅಲ್ಲೇ, ಚೂಡಿದಾರ ಹೊಲಿಸಿಕೊಂಡು. ಅಮ್ಮ ತೀರಿಕೊಂಡು ಮನೆಯಲ್ಲಿ ನಾನೊಬ್ಬಳೇ ಇದ್ದ ವರ್ಷಗಳವು. ಅಷ್ಟು ಸುಖ ನನಗೆ ಬೇರೆಲ್ಲೂ ಸಿಗಲಿಲ್ಲ, ಹೇಳಿಬಿಡುತ್ತೇನೆ.

ಮೊದಲ ಸಲ ಮಗುಚಿದಾಗ ನಾನು ದೋಣಿ ಬಿಟ್ಟು ದಂಡೆಯ ಕಡೆ ಕೈಕಾಲು ಬಡಿದೆ. ಮಾಸ್ತರು ಕುತ್ತಿಗೆಯ ಪಟ್ಟಿ ಹಿಡಿದು ಎಳೆದುಕೊಂಡರು. ಸಿಟ್ಟು ಬಂದಾಗ ಅವರ ದನಿ ಇನ್ನೂ ಸಣ್ಣಗಾಗುತ್ತಿತ್ತು.

"ದೋಣಿ ಬಿಡಬ್ಯಾಡ್ರಿ ತಂಗಿ. ಮಗುಚಿದ್ರೂ ತೇಲತೈತಿ ಅದು. ನೀವು ತೇಲಂಗಿಲ್ಲ."

ಆ ದಿನದಿಂದ ನಾನು ಮೇಡಂ ಹೋಗಿ ತಂಗಿಯಾದೆ. "ಮೊದಲ ಗಾಳಿ ಕಡೆ ಮುಖ ಮಾಡಿಸ್ರಿ, ಜಗ್ಗಾದು ಆಮ್ಯಾಲ," ಎಂಬುದು ಅವರ ದಿನದ ಮಂತ್ರ. ಇನ್ನೊಂದು ಮಾತು, ಎದ್ದ ದೋಣಿಯದು: "ಎದ್ದ ಕೂಡ್ಲೆ ಹಿಡ್ಕಳ್ರಿ. ಎದ್ದದ್ದು ನಿಮ್ಮನ್ನ ಕಾಯಂಗಿಲ್ಲ."

ಕಲಿಯಲು ಬಂದವರು ನನ್ನನ್ನು ಬಿಟ್ಟರೆ ಬೆರಳೆಣಿಕೆ. ಹಂಪಿಗೆ ಬಂದ ಪ್ರವಾಸಿಗರು ದಾರಿ ತಪ್ಪಿ ಬಂದು ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಯಾರಿಗಾಗಿ ಇಷ್ಟು ಕಷ್ಟಪಡುತ್ತೀರಿ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು ಹಾಯಿಯ ಗಂಟು ಬಿಚ್ಚುತ್ತಲೇ, "ನೀರಿನ ಮ್ಯಾಲ ಇದ್ರ ಕೆಮ್ಮು ಬರಂಗಿಲ್ರಿ," ಎಂದರು. "ಧೂಳ ಇಲ್ಲಲ್ರಿ ಇಲ್ಲಿ. ವಾರಕ್ಕ ಎರಡು ತಾಸು ಪೂರಾ ಉಸಿರು ತಗಂತೀನಿ. ಅದರ ಮ್ಯಾಲ ಉಳಿದ ದಿನ ನಡೀತಾವು."

ಅದು ನಿಜ. ಅಣೆಕಟ್ಟೆಯ ರಸ್ತೆಯ ತಮ್ಮ ಒಂದು ಕೋಣೆಯಲ್ಲಿ ಗೋಡೆಗೆ ಕೈ ಊರಿ ಕೆಮ್ಮುತ್ತಿದ್ದ ಮನುಷ್ಯ ನೀರಿನ ನಡುವೆ ಒಮ್ಮೆಯೂ ಕೆಮ್ಮಿದ್ದನ್ನು ನಾನು ಕೇಳಲಿಲ್ಲ. ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದಿದ್ದರಂತೆ. ಹೆಂಡತಿ ಮೊದಲೇ ತೀರಿಕೊಂಡಿದ್ದರು. ಅವರಿಗೆ ಆ ನೀರು ಒಂದೇ ಇದ್ದದ್ದು. ನೀರಿಗೆ ಇಳಿಯಲು ನನ್ನ ಏಳನೆಯ ಷರತ್ತು ದಾಟಬೇಕಿತ್ತು.

ಎರಡನೆಯ ವರ್ಷ ಐದು ನಿಮಿಷ ಬರೆದೆ, ಮೂರನೆಯ ವರ್ಷ ಏಳೂವರೆ. ದೋಣಿ ಎತ್ತಲು ಬೇಕಾದದ್ದು ತೋಳಿನ ಶಕ್ತಿಗಿಂತ ಮೈಯ ತೂಕ, ಮಾಸ್ತರ ಮೈಯಿಂದ ಇಳಿಯುತ್ತಿದ್ದದ್ದೂ ಅದೇ. ಆಷಾಢ ಬಂತೆಂದರೆ ತೂಕ ಏರಿಸುವ ಹಟ ಹಿಡಿಯುತ್ತಿದ್ದರು. ಕಮಲಾಪುರದಿಂದ ಬಾಳೆಗೊನೆ ತಂದು ನೇತುಹಾಕಿ ಹಗಲೆಲ್ಲ ತಿನ್ನುವುದು, ಸಂಜೆ ಒಗ್ಗರಣಿ ಮಿರ್ಚಿ, ಆಮೇಲೆ ಪರಿಚಯದ ಅಕ್ಕಿ ಅಂಗಡಿಗೆ ಹೋಗಿ ತೂಕದ ಕಾಟಾದ ಮೇಲೆ ನಿಲ್ಲುವುದು. ಅಂಗಡಿಯವರು, "ಮಾಸ್ತರ, ಎರಡು ಚೀಲ ಸೋನಾಮಸೂರಿಗೆ ಸಮ ಇದ್ರಿ. ಈಗ ಸೇರು ಕಮ್ಮಿ ಬರಾಕತ್ತೀರಿ," ಎಂದು ನಗುತ್ತಿದ್ದರು. ಮಾಸ್ತರೂ ನಗುತ್ತಿದ್ದರು. ಮರುದಿನ ಚಪ್ಪಲಿ ಬಿಡದೆ ಕಾಟಾ ಹತ್ತುತ್ತಿದ್ದರು.

ನಾಲ್ಕನೆಯ ವರ್ಷ ಒಂದು ಉಪಾಯ ಮಾಡಿದರು. ಖಾಲಿ ಗೊಬ್ಬರದ ಚೀಲದೊಳಗೆ ಪ್ಲಾಸ್ಟಿಕ್ ಹಾಳೆ ಹೊಲಿದು, ಮಗುಚಿದ ಮೇಲೆ ಅದರಲ್ಲಿ ನೀರು ತುಂಬಿ, ಬೆನ್ನಿಗೆ ಹಾಕಿಕೊಂಡು ವಾಲಿದರು. ತಮ್ಮ ಮೈಯಿಂದ ಹೋದ ತೂಕವನ್ನು ಹೊಳೆಯಿಂದ ಕಡ ತಂದ ಹಾಗೆ. ಒಂಬತ್ತೂಮುಕ್ಕಾಲು ನಿಮಿಷಕ್ಕೆ ದೋಣಿ ಎದ್ದಿತು. ಸಾಹೇಬರು, "ಷರತ್ತಿನಾಗ ಒಬ್ಬರೇ ಅಂತ ಐತಲ್ಲ?" ಎಂದು ರಾಗ ತೆಗೆದರು. ಚೀಲವೇನು ಮನುಷ್ಯನೇ ಸಾರ್ ಎಂದು ನಾನು ವಾದ ಹಾಕಿ ಗೆದ್ದೆ. ಹಾಗೆ ವಾದ ಮಾಡುವವಳು ಷರತ್ತನ್ನೇ ತೆಗೆದುಹಾಕಿಸಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಹೊಳೆಯಲಿಲ್ಲ. ನಾನು ಬರೆದದ್ದನ್ನು ನಾನೇ ಹೊಡೆದುಹಾಕುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ.

ಐದನೆಯ ವರ್ಷ ಮಳೆ ಕೈಕೊಟ್ಟಿತು. ಶ್ರಾವಣದಲ್ಲೂ ಹಿನ್ನೀರು ದಂಡೆಯಿಂದ ದೂರ ಸರಿದಿತ್ತು, ಇದ್ದ ನೀರಿನ ಕೆಳಗೆ ಕೆಂಪು ಹೂಳು. ಮುಂದೂಡೋಣವೇ ಎಂದು ಕೇಳಿದೆ. "ಮುಂದಿನ ತಿಂಗಳಿಗೆ ನಾ ಇನ್ನ ತೆಳ್ಳಗಾಗಿರ್ತೀನಿ," ಎಂದರು.

ಹೊಸ ಸಾಹೇಬರು ದಂಡೆಯ ಮೇಲೆ ಫೋನಿನಲ್ಲಿದ್ದರು. ನೀವೇ ಬರೆದುಕೊಳ್ಳಿ ಎಂದು ಕೈಸನ್ನೆ ಮಾಡಿದರು. ದೋಣಿ ಮಗುಚಿತು. ಮಾಸ್ತರು ಅದನ್ನು ಗಾಳಿಗೆ ತಿರುಗಿಸಿದರು, ಚೀಲ ತುಂಬಿದರು. ತುಂಬಿದ ಚೀಲವನ್ನು ಬೆನ್ನಿಗೆ ಎತ್ತಿಕೊಳ್ಳಲು ಆಗಲಿಲ್ಲ. ಎರಡನೆಯ ಸಲ ಎತ್ತಲು ಹೋದಾಗ ದೋಣಿ ಹೊರಳಿ ಪೂರ್ತಿ ತಲೆಕೆಳಗಾಯಿತು. ಕಂಬ ನೇರ ಕೆಳಗಿಳಿದು ಹೂಳಿನಲ್ಲಿ ಗೂಟದ ಹಾಗೆ ನೆಟ್ಟುಕೊಂಡಿತು. ಅವರು ದೋಣಿಯ ಬೆನ್ನ ಮೇಲೆ ಹತ್ತಿ, ಹಗ್ಗ ಹಿಡಿದು, ಬರೀ ಮೈಯ ತೂಕ ಹಾಕಿ ವಾಲಿದರು. ಮತ್ತೆ ವಾಲಿದರು. ದೋಣಿ ಅಲ್ಲಾಡಲಿಲ್ಲ. ಆಗ ಕೆಮ್ಮು ಬಂತು. ನೀರಿನ ಮೇಲೆ ಅವರು ಕೆಮ್ಮಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹತ್ತು ನಿಮಿಷ ದಾಟಿತು, ಇಪ್ಪತ್ತೂ ದಾಟಿತು. ಕೊನೆಗೆ ಹರಿಗೋಲಿನಲ್ಲಿ ಬಂದ ಮೀನುಗಾರ ದಂಪತಿ ಕಂಬ ಕಿತ್ತು, ದೋಣಿ ಎತ್ತಿ, ಅವರನ್ನೂ ದೋಣಿಯನ್ನೂ ದಂಡೆಗೆ ತಂದರು.

ಕಂಬದ ತುದಿಗೆ ಕೆಂಪು ಹೂಳು ಮೆತ್ತಿತ್ತು. ಮಾಸ್ತರು ನೆಲದ ಮೇಲೆ ಕೂತು ಉಸಿರು ಸಿಕ್ಕಿದ ಮೇಲೆ ನನ್ನ ಕೈಯಲ್ಲಿದ್ದ ಹಾಳೆ ನೋಡಿದರು. ಸಾಹೇಬರು ಇನ್ನೂ ಫೋನಿನಲ್ಲೇ, ನಮಗೆ ಬೆನ್ನು ಮಾಡಿಕೊಂಡು.

"ಒಂಬತ್ತು ಅಂತ ಬರೀರಿ ತಂಗಿ," ಎಂದರು. ಸಣ್ಣ ದನಿ. "ಇದೊಂದು ವರ್ಷ."

ಐದು ವರ್ಷದಲ್ಲಿ ಅವರು ನನ್ನನ್ನು ಏನೂ ಕೇಳಿದವರಲ್ಲ, ಒಂದು ಲೋಟ ಚಹಾ ಕೂಡ. ನಾನು ಪೆನ್ನು ಹಿಡಿದುಕೊಂಡು ನಿಂತೆ. ಒಂಬತ್ತು ಎಂದು ಬರೆದರೆ ನಾನಿಲ್ಲದ ಯಾವುದೋ ದಿನ ಇವರು ಒಬ್ಬರೇ ಹೋಗಿ ಮುಳುಗುತ್ತಾರೆ ಎಂದುಕೊಂಡೆ. ಸುಳ್ಳು ಬರೆದು ಸಿಕ್ಕಿಬಿದ್ದರೆ ನನ್ನ ಗತಿಯೇನು ಎಂದೂ ಅಂದುಕೊಂಡೆ. ಎರಡರಲ್ಲಿ ಯಾವುದು ಮೊದಲು ಬಂತೆಂದು ಇಷ್ಟು ವರ್ಷವಾದರೂ ನನಗೆ ಹೇಳಲಾಗುತ್ತಿಲ್ಲ. 'ಎತ್ತಲಾಗಲಿಲ್ಲ' ಎಂದು ಬರೆದೆ. ಅವರು ಓದಿ, ತಲೆಯಾಡಿಸಿ, ಕೆಳಗೆ ಸಹಿ ಹಾಕಿಕೊಟ್ಟರು. ಒದ್ದೆ ಕೈಗೆ ಹಾಳೆ ನೆನೆಯಬಾರದೆಂದು ಅಂಗೈಯನ್ನು ಮೊದಲು ಪ್ಯಾಂಟಿಗೆ ಒರೆಸಿಕೊಂಡಿದ್ದರು.

ಆಮೇಲೆ ಅವರು ನೀರಿಗಿಳಿಯಲಿಲ್ಲ. ನಾನಿದ್ದೇನಲ್ಲ, ಇಬ್ಬರೂ ಹೋಗೋಣ ಎಂದರೆ, "ಪರವಾನಗಿ ಇಲ್ಲಲ್ರಿ," ಎನ್ನುತ್ತಿದ್ದರು. ಕುಹಕವಿರಲಿಲ್ಲ ಅದರಲ್ಲಿ. ಒಂದು ಸಲವಾದರೂ ನನ್ನನ್ನು ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಮನೆಗೆ ಹೋದರೆ ಅದೇ "ಬರ್ರಿ ತಂಗಿ, ಕುಂದ್ರಿ," ಅದೇ ಬಾಳೆಹಣ್ಣು. ಹಣ್ಣು ನನಗೆ ಕೊಟ್ಟು ತಾವು ತಿನ್ನುತ್ತಿರಲಿಲ್ಲ. ತೂಕದ ಮಾತು ಮುಗಿದಿತ್ತು.

ದೀಪಾವಳಿ ಕಳೆದು ನಾನೂ ಅಕ್ಕಿ ಅಂಗಡಿಯವರೂ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಕೊನೆಯ ಸಲ ಹೋದದ್ದು ಒಂದು ಬೆಳಿಗ್ಗೆ. ದಿಂಬಿಗೆ ಒರಗಿಸಿ ಕೂರಿಸಿದ್ದರು, ಹೆಗಲಿನ ಮೂಳೆ ಏರಿ ಇಳಿಯುತ್ತಿತ್ತು. ನನ್ನನ್ನು ಕಂಡು ಕಿಟಕಿಯ ಕಡೆ ಬೆರಳು ತೋರಿಸಿದರು. ನಾನೂ ಆಯಾನೂ ಸೇರಿ ಮಂಚವನ್ನು ಕಿಟಕಿಯ ಕಡೆ ತಿರುಗಿಸಿದೆವು. ಗಾಳಿ ಇರಲಿಲ್ಲ. ಎದುರು ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಧೂಳೆಂದು ಆಯಾ ಕಿಟಕಿ ಮುಚ್ಚಿದಳು.

ಮಾಸ್ತರು ನನ್ನ ಮಣಿಕಟ್ಟು ಹಿಡಿದುಕೊಂಡು ಕೈಗಡಿಯಾರ ನೋಡಿದರು. "ಎಷ್ಟಾತ್ರಿ?" ಎಂದರು.

ಅವರು ಕೇಳಿದ್ದು ಆ ಹೊತ್ತಿನ ವೇಳೆಯನ್ನೇ ಇರಬೇಕು. ನಾನು ಗಡಿಯಾರ ನೋಡಲಿಲ್ಲ. "ಒಂಬತ್ತು ನಿಮಿಷ, ಮಾಸ್ತರ. ದೋಣಿ ಎದ್ದೈತಿ," ಎಂದೆ.

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ.

"ಈಗ್ಯಾಕ ತಂಗಿ?" ಎಂದರು.

ಮರುದಿನ ಮಧ್ಯಾಹ್ನದೊಳಗೆ ಹೋಗಿಬಿಟ್ಟರು. ಅರ್ಜಿದಾರರು ನಿಧನರಾದ್ದರಿಂದ ಕಡತ ಮುಕ್ತಾಯ ಎಂದು ಬರೆಯಬೇಕಾದವಳೂ ನಾನೇ. ಪುಟ ತಿರುಗಿಸಿದಾಗ ಏಳನೆಯ ಷರತ್ತು ಕಂಡಿತು, ನನ್ನ ಅಕ್ಷರದಲ್ಲಿ, ಒಂದು ತಪ್ಪೂ ಇಲ್ಲದೆ. ಜೋಡಿ ದೋಣಿ ಈಗಲೂ ದಂಡೆಯ ಮೇಲೆ ಬೋರಲು ಬಿದ್ದಿದೆ, ಮೀನುಗಾರರ ಹೆಂಗಸರು ಅದರ ಬೆನ್ನ ಮೇಲೆ ಬಲೆ ಒಣಗಿಸುತ್ತಾರೆ. ಭಾನುವಾರ ಕೆಲವೊಮ್ಮೆ ಹೋಗಿ ಕೂರುತ್ತೇನೆ. ಗಾಳಿಯ ಕಡೆ ಮುಖ ಮಾಡಿಕೊಳ್ಳುತ್ತೇನೆ.