ತವರಿಗೆ ಕಳಿಸಿ ಎಂದವಳು

ನನ್ನ ಮೇಲ್ವಿಚಾರಕಿ ಶಿರಾದವರು. ನಲವತ್ತು ದಾಟಿದ ಮುಸ್ಲಿಂ ಹೆಂಗಸು, ಗಂಡ ತೀರಿಕೊಂಡ ಮೇಲೆ ಕೆಲಸಕ್ಕೆ ಸೇರಿದವರು. ನಾನು ಮಧುಗಿರಿಯ ಹುಡುಗಿ, ಬಾಯಿಬಡಕಿ ಎಂದು ಮನೆಯಲ್ಲೇ ಹೆಸರಾದವಳು. ಅರವತ್ತರ ದಶಕದ ಮೊದಲ ವರ್ಷಗಳು. ಹಳ್ಳಿಯ ಮನೆಗಳಿಗೆ ಹೋಗಿ, ಹೆಂಗಸರ ಕಷ್ಟ ಕೇಳಿ, ಸಲಹೆ ಕೊಡುವ ಸರ್ಕಾರಿ ಕೆಲಸಕ್ಕೆಂದು ನಾವು ನಾಲ್ವರು ಪಾವಗಡದಲ್ಲಿ ತರಬೇತಿಗೆ ಸೇರಿದ್ದೆವು. ತರಬೇತಿ ಮುಗಿದಾಗ ನಾಲ್ವರಲ್ಲಿ ಒಬ್ಬಳನ್ನು ಉಳಿದವರಿಗೆ ಹಿರಿಯಳನ್ನಾಗಿ ಮಾಡುತ್ತಾರೆ, ಆ ಹೆಸರನ್ನು ಬರೆದು ಕಳಿಸುವವರು ಈಕೆ. ಅದು ನನ್ನ ಹೆಸರೇ ಆಗಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಆದರೆ ಆಕೆ ಏನು ಕಲಿಸುತ್ತಿದ್ದಾರೆಂಬುದೇ ನನಗೆ ತಿಳಿಯುತ್ತಿರಲಿಲ್ಲ. ನನ್ನ ಜೊತೆ ಮನೆಯೊಳಗೆ ಬರುವರು. ನಾನು ಮಾತು ಶುರು ಮಾಡಿದ ಕೂಡಲೇ ಎದ್ದು ಜಗಲಿಗೆ ಹೋಗಿ, ಆ ಮನೆಯ ಮುದುಕಿಯ ಜೊತೆ ಕಡಲೇಕಾಯಿ ಸುಲಿಯುತ್ತಾ ಕೂರುವರು. ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಆಮೇಲೆ ಬಸ್ಸಿನಲ್ಲಿ, "ನೀನು ಮಾತಾಡುವಾಗ ಅವಳು ಎಲ್ಲಿ ನೋಡ್ತಿದ್ದಳು ಬೇಟಿ?" ಎನ್ನುವರು. ನನಗೇನು ಗೊತ್ತು? ನಾನು ಮಾತಾಡುತ್ತಿದ್ದೆನಲ್ಲ! ಡೈರಿಯಲ್ಲಿ ನಾನು ಕೊಟ್ಟ ಸಲಹೆಗಳನ್ನು ಪುಟಗಟ್ಟಲೆ ಬರೆದು ಒಪ್ಪಿಸಿದರೆ, "ಅವಳು ಹೇಳಿದ್ದು ಎಲ್ಲಿ?" ಎಂದು ಕೇಳಿ ಮುಚ್ಚಿ ಕೊಡುವರು. ಸರಿಯೆನ್ನಲಿ, ಇಲ್ಲ ತಪ್ಪೆನ್ನಲಿ, ಎರಡರಲ್ಲಿ ಒಂದನ್ನು ಅನ್ನಬಾರದೆ?

ವೈ.ಎನ್. ಹೊಸಕೋಟೆ ಕಡೆಯ ಹಳ್ಳಿಯೊಂದರಲ್ಲಿ ಒಂದು ಮನೆ. ಸೊಸೆಗೆ ಇನ್ನೂ ಇಪ್ಪತ್ತೋ ಇಪ್ಪತ್ತೊಂದೋ. ಮೂರು ವರ್ಷದ ಮಗಳಿದ್ದಳು. ಎರಡನೆಯ ಕೂಸು ಹುಟ್ಟಿದ ದಿನವೇ ಹೋಗಿತ್ತು. ಎರಡು ತಿಂಗಳಾದರೂ ಆಕೆಗೆ ಯಾರೊಡನೆಯೂ ಮಾತಿಲ್ಲ, ಕತೆಯಿಲ್ಲ. ತಟ್ಟೆಯಲ್ಲಿ ಮುದ್ದೆ ಹಾಗೇ ಆರುತ್ತಿತ್ತು. ಮೂರು ಸಲ ಹೋದೆ. ಧೈರ್ಯ ಹೇಳಿದೆ, ಸೊಪ್ಪು ತಿನ್ನಿ ಎಂದೆ, ಇರುವ ಮಗುವಿನ ಮುಖ ನೋಡಿ ದುಃಖ ಮರೆಯಿರಿ ಎಂದೆ. ಗೋಡೆಗೆ ಹೇಳಿದಂತಾಯಿತು. ಹೊರಗೆ ಮೇಲ್ವಿಚಾರಕಿ ಮತ್ತು ಅತ್ತೆ ತಮ್ಮ ಪಾಡಿಗೆ ತಾವು ಕಡಲೇಕಾಯಿ ಸುಲಿಯುತ್ತಿದ್ದರು.

ನಾಲ್ಕನೆಯ ಸಲ ನನಗೆ ರೇಗಿತು. ಜಗಲಿಗೆ ಬಂದು ಅತ್ತೆಗೆ, "ಇವರನ್ನು ಒಂದು ತಿಂಗಳು ತವರಿಗೆ ಕಳಿಸಿ. ಅಲ್ಲಿ ಸರಿಹೋಗ್ತಾರೆ" ಎಂದೆ.

ಮುದುಕಿಯ ಕೈ ನಿಂತಿತು. "ನೀವಂದ ಮ್ಯಾಲೆ ಇನ್ನೇನೈತಮ್ಮ? ಕಳ್ಸಿಬುಡ್ತೀವಿ."

ಕೊನೆಗೂ ಒಂದು ಮನೆಯಲ್ಲಿ ನನ್ನ ಮಾತು ನಡೆಯಿತಲ್ಲ ಎಂದು ಹಿಗ್ಗಿದೆ. ಡೈರಿಯಲ್ಲಿ 'ಸಲಹೆ ಒಪ್ಪಿದರು' ಎಂದು ದಪ್ಪಕ್ಷರದಲ್ಲಿ ಬರೆದೆ. ಮೇಲ್ವಿಚಾರಕಿ ಓದಿ, "ತವರಿಗೆ ಹೋಗ್ಬೇಕು ಅಂತ ಅವಳು ಹೇಳಿದಳಾ?" ಎಂದರು. ತವರು ಬೇಡವೆನ್ನುವ ಹೆಣ್ಣು ಎಲ್ಲಿದ್ದಾಳೆ ಎಂದು ಮರುನುಡಿದೆ. ಆಕೆ ಡೈರಿ ಮುಚ್ಚಿ ಕೊಟ್ಟರು.

ಮುಂದಿನ ವಾರ ಹೋದಾಗ ಸೊಸೆ ಇರಲಿಲ್ಲ. ಮೂರು ವರ್ಷದ ಮಗಳು ಮಾತ್ರ ಅಜ್ಜಿಯ ಸೆರಗು ಹಿಡಿದು ಅಳುತ್ತಿದ್ದಳು.

"ಮಗೂನ ಯಾಕೆ ಕಳಿಸಲಿಲ್ಲ?" ಎಂದೆ.

"ಅವ್ಳನ್ನ ಕಳ್ಸಿ ಅಂದ್ರಿ, ಕಳ್ಸಿದ್ವಿ. ಮಗೀನೂ ಕಳ್ಸಿ ಅಂದ್ರಾ?"

ಮುದುಕಿಯ ದನಿಯಲ್ಲಿ ಕೊಂಕಿರಲಿಲ್ಲ. ಸರ್ಕಾರದ ಅಮ್ಮ ಹೇಳಿದ್ದಷ್ಟನ್ನು ಮನೆಯವರು ಮಾಡಿದ್ದರು, ಅಷ್ಟೆ. ಮೇಲ್ವಿಚಾರಕಿಯ ಮುಖ ನೋಡಿದೆ. ಆಕೆ ಒಂದು ಮಾತು ಅಂದಿದ್ದರೆ ಸಾಕಿತ್ತು, ಮಗು ಅವತ್ತೇ ತಾಯಿಯ ಹತ್ತಿರ ಹೋಗುತ್ತಿತ್ತು. ಆಕೆ ಅನ್ನಲಿಲ್ಲ.

ಬೀದಿಗೆ ಬಂದ ಕೂಡಲೇ ಜಗಳಕ್ಕೆ ನಿಂತೆ. "ನೀವು ಯಾಕೆ ಸುಮ್ಮನಿದ್ದಿರಿ?"

"ನಾನು ಹೇಳಿದ್ರೆ ಅದೂ ಒಂದು ಹುಕುಂ ಆಗ್ತದೆ. ನಿನ್ನ ಹುಕುಂ ಮೇಲೆ ನನ್ನ ಹುಕುಂ. ಮೊದಲು ಆ ಹೆಣ್ಣನ್ನ ಕೇಳಿಕೊಂಡು ಬಾ. ಒಬ್ಬಳೇ ಹೋಗು."

ತವರು ನಾಗಲಮಡಿಕೆಯ ಆಚೆ. ಬಸ್ಸಿಳಿದು ಬಿಸಿಲಲ್ಲಿ ಗೊಣಗಿಕೊಂಡೇ ನಡೆದೆ. ಸೊಸೆಯ ತಾಯಿ "ಕೂಚೋಂಡಮ್ಮಾ" ಎಂದು ಚಾಪೆ ಹಾಸಿ, ನನ್ನ ಅರೆಬರೆ ತೆಲುಗು ಕೇಳಿ ನಕ್ಕು ಒಳಗೆ ಹೋದಳು. ಸೊಸೆ ಬಾಗಿಲಲ್ಲಿ ನಿಂತು ನನ್ನ ಹಿಂದಿನ ದಾರಿಯನ್ನೇ ನೋಡಿದಳು.

"ನನ್ ಮಗೀನ ಕರ್ಕಂಡ್ ಬರ್ಲಿಲ್ವ?"

ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ಇಲ್ಲ ಎಂದೆ. ತಪ್ಪು ನನ್ನದು ಎಂದೆ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಸಲಹೆಗಳೆಲ್ಲ ಎತ್ತ ಹೋದವೋ. "ಇಲ್ಲೇ ಇರ್ತೀರಾ, ವಾಪಸ್ ಹೋಗ್ತೀರಾ?" ಎಂದು ಕೇಳಿದೆ.

"ಗೊತ್ತಾಗಾಕಿಲ್ಲ ಕಣಮ್ಮ."

"ನಂಗೂ ಗೊತ್ತಾಗ್ತಿಲ್ಲ" ಎಂದೆ. ಸುಮ್ಮನೆ ಕೂತು ನನಗೆ ಅಭ್ಯಾಸವಿಲ್ಲ. ನಾಲಿಗೆ ಕಚ್ಚಿಕೊಂಡು ಕೂತೆ. ಎಷ್ಟೋ ಹೊತ್ತಿನ ಮೇಲೆ ಅವಳೇ ಶುರು ಮಾಡಿದಳು. ಕೂಸಿನ ಮುಖವನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ. ಅವಳು ಮಂಪರಿನಲ್ಲಿದ್ದಾಗ ಅತ್ತೆ ಎತ್ತಿಕೊಂಡು ಹೋದಳಂತೆ. ಎಲ್ಲಿ ಮಣ್ಣು ಮಾಡಿದರೆಂದು ಯಾರೂ ಹೇಳಲಿಲ್ಲ, ಕೇಳಲು ಇವಳಿಗೆ ಬಾಯಿ ಬರಲಿಲ್ಲ.

"ಹೊಲಕ್ಕೋದ್ರೆ ಕಾಲಿಕ್ಕಾಕೇ ಭಯ ಆಗ್ತೈತೆ. ಎಲ್ಲಿ ಮಲಗ್ಸವ್ರೋ ಏನೋ."

"ನಿಮ್ಮ ಅತ್ತೇನ ನಾನು ಕೇಳಲಾ?" ಎಂದೆ. ಅವಳು ಹೂಂ ಎಂದು ತಲೆಯಾಡಿಸಿದಳು.

ಸಂಜೆ ಪಾವಗಡಕ್ಕೆ ಬಂದು ಮೇಲ್ವಿಚಾರಕಿಗೆ ಎಲ್ಲ ಹೇಳಿದೆ. ಆಕೆ ತಲೆ ತಗ್ಗಿಸಿದರು. "ಎಲ್ಲಿ ಅಂತ ನಂಗೆ ಗೊತ್ತು. ಆ ಮುದುಕಿ ಮೊದಲ ದಿನವೇ ಹೇಳಿಕೊಂಡು ಅತ್ತಳು."

"ಗೊತ್ತಿದ್ದೂ ಸುಮ್ಮನಿದ್ದಿರಾ?"

"ಯಾರಿಗೂ ಹೇಳಬೇಡಿ ಅಂತ ಕೈ ಹಿಡಿದು ಕೇಳಿದ್ದಳು. ಅವಳೇ ಸೊಸೆಗೆ ಹೇಳೋ ದಿನ ಬರ್ತದೆ ಅಂತ ಕಾಯ್ತಿದ್ದೆ. ಅಷ್ಟರಲ್ಲಿ ನೀನು ಕಳಿಸಿಬಿಟ್ಟೆ." ಆಮೇಲೆ, "ಆವತ್ತೇ ನಾನು ತಡೀಬೇಕಿತ್ತೋ ಏನೋ ಬೇಟಿ. ನಂಗೂ ತಿಳೀಲಿಲ್ಲ" ಎಂದರು.

ಇಷ್ಟು ವರ್ಷ ಇದನ್ನು ತಿರುವಿ ತಿರುವಿ ನೋಡಿದ್ದೇನೆ. ಮುದುಕಿಗೆ ಕೊಟ್ಟ ಮಾತನ್ನು ಉಳಿಸಿಕೊಂಡದ್ದು ಸರಿ ಎನ್ನೋಣ. ನಾನು ಕಲಿಯಲೆಂದು ಆ ತಾಯಿಯನ್ನೂ ಮಗುವನ್ನೂ ಇನ್ನೂ ಒಂದು ದಿನ ಅಗಲಿಸಿಟ್ಟದ್ದು? ಕೊನೆಗೆ ನನ್ನ ಹೆಸರನ್ನೇ ಬರೆದು ಕಳಿಸಿದರು. ಯಾಕೆಂದು ಕೇಳಿದರೆ ಹೇಳಲಿಲ್ಲ. ಮುಂದೆ ಕೊರಟಗೆರೆಯಲ್ಲಿ ನಾನೇ ಹೊಸ ಹುಡುಗಿಯರ ಮೇಲ್ವಿಚಾರಣೆಗೆ ನಿಂತಾಗ, ಎಲ್ಲಿ ಸುಮ್ಮನಿರಬೇಕು, ಎಲ್ಲಿ ಬಾಯಿ ಹಾಕಬೇಕು ಎಂಬುದು ನನಗೆ ಒಂದು ದಿನವೂ ಖಚಿತವಾಗಲಿಲ್ಲ. ಆ ಹುಡುಗಿಯರೂ ನನ್ನನ್ನು ಬೈದುಕೊಂಡಿರುತ್ತಾರೆ.

ಸೊಸೆಯ ತವರಿಗೆ ಹೋಗಿ ಬಂದ ಮಾರನೆಯ ಬೆಳಿಗ್ಗೆ ಮುದುಕಿಯ ಮುಂದೆ ಕೂತೆ. "ಕೂಸನ್ನ ಎಲ್ಲಿ ಮಲಗಿಸಿದ್ದೀರಿ ಅಂತ ನಿಮ್ಮ ಸೊಸೆ ಕೇಳ್ತಾಳೆ. ಹೊಲದಲ್ಲಿ ಕಾಲಿಡೋಕೆ ಹೆದರ್ತಾಳೆ. ನಾನೇನು ಹೇಳ್ಲಿ?" ಕಳಿಸಿ ಎನ್ನಲಿಲ್ಲ, ಬನ್ನಿ ಎನ್ನಲಿಲ್ಲ. ಮುದುಕಿ ಎದ್ದು, ಮೊಮ್ಮಗಳಿಗೆ ಲಂಗ ಹಾಕಿ, ಸೊಂಟಕ್ಕೆ ಎತ್ತಿಕೊಂಡು "ನಡೀರಿ" ಎಂದಳು.

ತವರಿನ ಬಾಗಿಲಲ್ಲಿ ಮಗು ಅಜ್ಜಿಯ ಸೊಂಟದಿಂದ ಜಾರಿ ಓಡಿತು. ಸೊಸೆ ಮಗುವನ್ನು ಅಪ್ಪಿಕೊಂಡು ಅತ್ತೆಯನ್ನು ನೋಡಿದಳು, ಆದರೆ ಕೇಳಲಿಲ್ಲ. ಮುದುಕಿ ಹೊಸ್ತಿಲ ಹೊರಗೇ ನೆಲದ ಮೇಲೆ ಕುಸಿದು ಕೂತಳು.

"ಹೊಲದಾಗಲ್ಲ ಕಣವ್ವ. ನಮ್ ಹಿತ್ಲಾಗೆ, ನಾನು ಮನೀಕಳೋ ಗೋಡೆ ಮಗ್ಲಾಗೆ. ದೂರ ಒಯ್ದು ಒಂದನ್ನೇ ಬುಟ್ಟು ಬರಾಕಾಗ್ಲಿಲ್ಲ ನಂಗೆ."